ಹೊಳೆಗೆ ಬೆಲ್ಲ-ನೀರು ಕೊಟ್ಟ ಬಚ್ಚಕ್ಕ

ಲೋಕ ಆಗಿನ್ನೂ ಹೊಸತು. ಎಷ್ಟು ಹೊಸತು ಅಂದರೆ, ತಾನು ಎಲ್ಲಿಯ ತನಕ ಬರಬೇಕು ಅನ್ನುವುದೇ ಕಡಲಜ್ಜನಿಗೆ ಸರಿಯಾಗಿ ಗೊತ್ತಿರಲಿಲ್ಲ. ಒಮ್ಮೊಮ್ಮೆ ಯಾರದೋ ಅಂಗಳಕ್ಕೆ ಬಂದುಬಿಡುತ್ತಿದ್ದ. ಆಮೇಲೆ ನಾಚಿಕೊಂಡು ಹಿಂದೆ ಹೋಗುತ್ತಿದ್ದ.

ಆಗ ನಮ್ಮ ಚಿಪ್ಪಿಕೋಡಿ ಪೇಟೆ ಇರಲಿಲ್ಲ. ಬಸ್‌ಸ್ಟ್ಯಾಂಡ್ ಇಲ್ಲ, ಐಸ್ ಫ್ಯಾಕ್ಟರಿ ಇಲ್ಲ, ನೀನು ಹಟ ಹಿಡಿದು ನಿಲ್ಲುವ ಆ ಮಿಠಾಯಿ ಅಂಗಡಿಯೂ ಇಲ್ಲ. ಇದ್ದದ್ದು ಉದ್ದನೆಯ ಮರಳ ದಿಬ್ಬ, ಅದರ ಮೇಲೆ ಸಾಲಾಗಿ ಏಳು ಸೋಗೆಮನೆ. ಏಳು ಮನೆಯಲ್ಲೂ ಮೀನು ಹಿಡಿಯುವ ಜನ. ಅವರಿಗೆ ಮೀನಿಗೆ ಬರವಿರಲಿಲ್ಲ, ಗಾಳಿಗೆ ಬರವಿರಲಿಲ್ಲ. ಬರ ಇದ್ದದ್ದು ಕುಡಿಯುವ ನೀರಿಗೆ. ಮರಳು ತೋಡಿದರೆ ಉಪ್ಪುನೀರು. ಸಿಹಿನೀರು ಬೇಕೆಂದರೆ ನಸುಕಿಗೆ ಎದ್ದು ಬೆಟ್ಟದ ಒರತೆಯ ತನಕ ನಡೆಯಬೇಕು. ಕೊಡ ಹೊತ್ತು ತಿರುಗಿ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿರುತ್ತಿದ್ದ.

ಹೊಳೆ ಇರಲಿಲ್ಲವೇ ಅನ್ನುತ್ತೀಯಾ? ಇದ್ದಳು, ಇದ್ದಳು. ಆದರೆ ಅವಳಿಗೆ ಪುರುಸೊತ್ತು ಎಲ್ಲಿ? ಅದೇ ಬೆಟ್ಟದ ಒರತೆಯಲ್ಲಿ ಹುಟ್ಟಿದವಳು. ಹುಟ್ಟಿದ್ದೇ ತಡ, ಬೆಟ್ಟ "ಹೋಗು, ಹೋಗು" ಅಂತ ನೂಕಿತು. ಬಂಡೆ "ಆಚೆ ಸರಿ, ಆಚೆ ಸರಿ" ಅಂತ ನೂಕಿತು. ಅವಳು ಒಂದೇ ಉಸಿರಿಗೆ ಓಡಿ ಬಂದು, ಮನೆಗಳಿಂದ ಆಚೆ ದೂರದಲ್ಲಿ, ಕರಿಬಂಡೆಯ ಹತ್ತಿರ ಸೀದಾ ಕಡಲಿಗೆ ಹಾರುತ್ತಿದ್ದಳು. ಅಲ್ಲಿಗೆ ಹೋಗಿ ಕೊಡ ಮುಳುಗಿಸಿದರೆ ಅಷ್ಟರಲ್ಲೇ ಕಡಲಜ್ಜನ ಉಪ್ಪು ಬೆರೆತಿರುತ್ತಿತ್ತು.

ಏಳು ಮನೆಗೂ ಸೇರಿ ಇದ್ದದ್ದು ಒಂದೇ ದೊಡ್ಡ ಬಲೆ, ರಂಪಣಿ ಬಲೆ. ಎರಡು ವರ್ಷ ಕೂತು ಎಲ್ಲರೂ ಹೆಣೆದದ್ದು. ದೋಣಿಯಲ್ಲಿ ಹೋಗಿ ಅದನ್ನು ಕಡಲಿಗೆ ಸುತ್ತು ಬಿಡುವುದು, ಆಮೇಲೆ ಎರಡೂ ಕಡೆಯ ಹಗ್ಗ ಹಿಡಿದು ದಡದಿಂದ ಎಳೆಯುವುದು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಉಂಟು. ದಾರಿಹೋಕನೇ ಇರಲಿ, ಮುದುಕಿಯೇ ಇರಲಿ, ಕೈ ಹಾಕಿದರೆ ಪಾಲು. ಆ ಪಾಲು ಹಂಚುವವಳು ಮೊದಲ ಮನೆಯ ಬಚ್ಚಕ್ಕ. ಹಲ್ಲು ಎರಡೇ ಇದ್ದರೂ ಅವಳ ಮಾತಿಗೆ ಊರೆಲ್ಲ ಹೆದರುತ್ತಿತ್ತು.

ಒಂದು ಬೇಸಿಗೆ. ಕರಿಬಂಡೆಯ ಹತ್ತಿರ ಬೂತಾಯಿ ಮೀನು ಹಿಂಡುಹಿಂಡಾಗಿ ಬಂತು. ಬಲೆ ಬಿಟ್ಟರು, ಎಳೆದರು. ಬಲೆ ಬರಲಿಲ್ಲ. ಬಲೆಯೇ ಅವರನ್ನು ಎಳೆಯತೊಡಗಿತು. ಹಿಮ್ಮಡಿ ಮರಳಲ್ಲಿ ಹೂತು ಹೋಯಿತು, ಹಗ್ಗ ಕೈಯಿಂದ ಜಾರತೊಡಗಿತು. ಇನ್ನು ಸ್ವಲ್ಪ ಹೊತ್ತಾದರೆ ಇದ್ದ ಒಂದು ಬಲೆಯೂ ಹೋಗುತ್ತಿತ್ತು.

"ಯಾರ್ ಇದ್ರೂ ಬನ್ನಿ! ಒಂದ್ ಕೈ ಹಾಕಿ!" ಬಚ್ಚಕ್ಕ ಕೂಗಿದಳು.

ಕಡಲಿಗೆ ಹಾರಲು ಹೊರಟಿದ್ದ ಹೊಳೆಗೆ ಅದು ಕೇಳಿಸಿತು. ಯಾಕೋ ಏನೋ, ಅವಳು ಬಲೆಯ ಹಿಂದೆ ಕೈ ಕೊಟ್ಟು ಒಮ್ಮೆ ದಡದ ಕಡೆಗೆ ನೂಕಿದಳು. ಬಲೆ ಮೀನಿನ ಸಮೇತ ಮರಳಿಗೆ ಬಂದು ಬಿತ್ತು.

ಬಚ್ಚಕ್ಕ ಪಾಲು ಹಾಕಿದಳು. ಎಲ್ಲರಿಗೂ ಹಾಕಿ, ಪಕ್ಕದಲ್ಲಿ ಇನ್ನೊಂದು ರಾಶಿ ಇಟ್ಟಳು. ಅದನ್ನು ಬುಟ್ಟಿಗೆ ತುಂಬಿ ಹೊಳೆಯ ಹತ್ತಿರ ಹೋದಳು.

"ಹೆಣ್ಣೆ, ತಕೊ, ನಿನ್ನ ಪಾಲು."

ಹೊಳೆ ನಕ್ಕುಬಿಟ್ಟಳು. "ನಂಗೆ ಮೀನ್ ಎಂತಕ್ಕಜ್ಜಿ? ನನ್ನ ಹೊಟ್ಟಿ ತುಂಬ ಮೀನೇ ಇತ್ತಲ್ದಾ!"

"ಹಂಗಾರೆ ನಿಂಗೆ ಎಂತ ಬೇಕ್?"

ಹೊಳೆಯನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. "ನಂಗೊತ್ತಿಲ್ಲೆ ಅಜ್ಜಿ," ಅಂದಳು. "ಎಲ್ಲರೂ ಹೋಗ್ ಅಂತ್ರ್. ಬಾ ಅಂದವ್ರ್ ಯಾರೂ ಇಲ್ಲೆ."

ಬಚ್ಚಕ್ಕ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ಬಾ ಮತ್ತೆ ಮನಿಗೆ. ಬಾಯಾರ್ಕಿ ಕುಡ್ದ್ ಹೋಯ್ಲಕ್ಕ್," ಅಂದಳು. ಬಾಯಾರಿಕೆ ಅಂದರೆ ಗೊತ್ತಲ್ಲ, ಮನೆಗೆ ಬಂದವರಿಗೆ ಮೊದಲು ಕೊಡುವ ಬೆಲ್ಲ-ನೀರು. ಮುದುಕಿ ಮುಂದೆ, ಹೊಳೆ ಹಿಂದೆ. ಮನೆಗಳ ಹಿಂಬದಿಯ ತಗ್ಗಿನಲ್ಲಿ ಮೆಲ್ಲಗೆ ಹೆಜ್ಜೆಯಿಟ್ಟು ಹೊಳೆ ಮೊದಲ ಮನೆಯ ಹಿತ್ತಿಲಿಗೆ ಬಂದಳು.

ಒಳಗೆ ಬಚ್ಚಕ್ಕನ ಸೊಸೆ ದುಗ್ಗಿ, ಹೆತ್ತು ಒಂಬತ್ತು ದಿನದ ಬಾಣಂತಿ. ಮೂಲೆಯ ಕೊಡದಲ್ಲಿ ಉಳಿದದ್ದು ಒಂದೇ ತಂಬಿಗೆ ನೀರು. ಅತ್ತೆ ಅದನ್ನು ಬಗ್ಗಿಸಿಕೊಳ್ಳುವುದು ಕಂಡು ದುಗ್ಗಿ ಗಾಬರಿಯಾದಳು.

"ಅತ್ತೆ, ಅದ್ ಹೊಳಿ! ಹೊಳಿಗೆ ಯಾರಾರೂ ನೀರ್ ಕೊಡ್ತ್ರಾ? ನಾಳೆ ತನ್ಕ ಮಗುಗೆ ಇಪ್ಪುದ್ ಅಷ್ಟೇ!"

ಬಚ್ಚಕ್ಕನ ಕೈ ಒಂದು ಗಳಿಗೆ ನಿಂತಿತು. ಅವಳಿಗೆ ಮೊಮ್ಮಗುವಿನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆ ಮಗುವಿಗಾಗಿಯೇ ಬೆಳಿಗ್ಗೆ ಬೆಟ್ಟ ಹತ್ತಿ ಬಂದಿದ್ದಳು, ಕಾಲು ಇನ್ನೂ ನೋಯುತ್ತಿತ್ತು. ಆದರೂ ಅಂದಳು, "ಬಂದವ್ರ್ ಯಾರ್ ಅಂತ ಕೇಂಡ್ ನೀರ್ ಕೊಡುಕಾತ್ತಾ ದುಗ್ಗಿ? ಬಾ ಅಂದದ್ದ್ ನಾನೇ."

ತಟ್ಟೆಯಲ್ಲಿ ಒಂದು ಚೂರು ಬೆಲ್ಲ, ಪಕ್ಕದಲ್ಲಿ ತಂಬಿಗೆ ನೀರು. ಹೊಳೆ ಬೆಲ್ಲ ಕಚ್ಚಿದಳು, ನೀರು ಕುಡಿದಳು. ಕುಡಿದವಳು ಹಾಗೇ ನಿಂತುಬಿಟ್ಟಳು.

"ಅಜ್ಜಿ, ಇದ್ ನಾ ಹುಟ್ಟಿದಲ್ಲಿನ ನೀರ್."

"ಹೌದ್. ಅಲ್ಲಿಂದ್ಲೇ ಹೊತ್ಕಂಡ್ ಬಪ್ಪುದ್."

"ನಾ ಇಷ್ಟ್ ನೀರ್ ಇಟ್ಕಂಡ್ ಓಡ್ತಿದ್ದೆ. ನೀವ್ ಹೊತ್ಕಂಡ್ ಬತ್ತಿದ್ರಿ." ಹೊಳೆಗೆ ತುಂಬ ನಾಚಿಕೆಯಾಯಿತು, ದುಃಖವೂ ಆಯಿತು. ಒಳಗೆ ಮಗು ಅಳತೊಡಗಿತು. ಹೊಳೆ ಹಿತ್ತಿಲ ಮರಳಿನಡಿಗೆ ಮೆಲ್ಲಗೆ ಕೈ ತೂರಿಸಿ, "ದುಗ್ಗಕ್ಕ, ಇಲ್ಲಿ ತೋಡಿ ಕಾಣಿ," ಅಂದಳು.

ದುಗ್ಗಿ ತೆಂಗಿನ ಗೆರಟೆಯಿಂದ ತೋಡಿದಳು. ಮೊಳದಷ್ಟು ತೋಡುವಾಗ ನೀರು ಜಿನುಗಿತು. ಬೆರಳು ಅದ್ದಿ ನಾಲಿಗೆಗೆ ಇಟ್ಟಳು. ಉಪ್ಪಿಲ್ಲ! ಅವಳು ಅಲ್ಲೇ ಕುಳಿತು ಅತ್ತುಬಿಟ್ಟಳು.

ಅಷ್ಟರಲ್ಲಿ ಎರಡನೇ ಮನೆಯವಳು ಬೇಲಿಯಾಚೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಬಚ್ಚಕ್ಕನ ಮನಿಗೆ ಬಂದದ್ದ್, ನಮ್ಮನಿಗೆ ಬಪ್ಪುಕಾಗ್ದಾ?" ನಮ್ಮೂರ ಹೆಂಗಸರ ಸಂಗತಿ ನಿನಗೆ ಗೊತ್ತಲ್ಲ, ಒಂದು ಮನೆಗೆ ಹೋಗಿ ಪಕ್ಕದ ಮನೆಗೆ ಹೋಗದಿದ್ದರೆ ವರ್ಷವಿಡೀ ಮುಖ ಊದಿಕೊಂಡಿರುತ್ತಾರೆ. ಹಾಗಾಗಿ ಹೊಳೆ ಎರಡನೇ ಮನೆಗೂ ಹೋದಳು, ಮೂರನೆಯದಕ್ಕೂ ಹೋದಳು, ಏಳಕ್ಕೆ ಏಳೂ ಮುಗಿಸಿದಳು. ಹೋದಲ್ಲೆಲ್ಲ ಬೆಲ್ಲ ತಿಂದಳು, ಹೋದಲ್ಲೆಲ್ಲ ಮರಳಿನಡಿಗೆ ಸಿಹಿನೀರು ಇಟ್ಟಳು.

ಇತ್ತ ಕಡಲಜ್ಜನಿಗೆ ಚಡಪಡಿಕೆ. ದಿಬ್ಬದ ಮೇಲೆ ಹತ್ತಿ ಹತ್ತಿ ಇಣುಕುತ್ತಿದ್ದ. "ಎಲ್ಲಿ ಹ್ವಾಯ್ತ್ ಈ ಹೆಣ್ಣ್? ಎಲ್ಲಿ ಹ್ವಾಯ್ತ್?" ಅನ್ನುತ್ತಿದ್ದ.

ಕೊನೆಯ ಮನೆಯ ಮೂಲೆಯಲ್ಲಿ ಹೊಳೆ ತಿರುಗಿ ನಿಂತು ಬಚ್ಚಕ್ಕನಿಗೆ ಕೈ ಬೀಸಿದಳು. "ಅಜ್ಜಿ, ನಾ ಹೋತೆ."

"ಹೋತೆ ಅಂಬುಕಾಗ," ಬಚ್ಚಕ್ಕ ಗದರಿದಳು. "ಬತ್ತೆ ಅನ್ನ್."

"ಬತ್ತೆ," ಅಂದಳು ಹೊಳೆ. ಅಂದ ಮೇಲೆ ಬರಲೇಬೇಕಲ್ಲ? ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಮಳೆಗಾಲದಲ್ಲಂತೂ ದೋಣಿಗಳೆಲ್ಲ ಮೇಲೆ ಹತ್ತಿ ಜನ ಮನೆಯಲ್ಲೇ ಇರುತ್ತಾರೆಂದು ದಡ ತುಂಬ ಬರುತ್ತಾಳೆ. ಆಗ ಅವಳ ಬಣ್ಣ ನೋಡಿದ್ದೀಯಲ್ಲ, ಥೇಟ್ ಬೆಲ್ಲದ ನೀರು.

ಆಮೇಲೆ ಏಳು ಮನೆ ಎಪ್ಪತ್ತಾಯಿತು. ಇಲ್ಲಿ ಸಿಹಿನೀರು ಸಿಗುತ್ತದೆಂದು ಹಾಯಿಹಡಗಿನವರು ನಿಂತರು, ಖರ್ಜೂರ ಇಳಿಸಿ ಅಕ್ಕಿ ಒಯ್ದರು. ಸೋಗೆ ಹೋಗಿ ಹಂಚು ಬಂತು, ಊರು ಪೇಟೆಯಾಯಿತು. ಬಂದವರು ಯಾವ ಭಾಷೆಯವರೇ ಇರಲಿ, ಮೊದಲು ಬೆಲ್ಲ-ನೀರು ಕೊಟ್ಟೇ ಮಾತಾಡಿಸಿದರು.

ಅದಕ್ಕೇ ಮಗಾ, ನಮ್ಮ ಹೊಳೆ ಇವತ್ತಿಗೂ ಕಡಲಿನ ಸದ್ದು ಕೇಳುವಷ್ಟು ಹತ್ತಿರ ಬಂದವಳು ತಟ್ಟನೆ ತಿರುಗಿ, ನಮ್ಮ ಮನೆಗಳ ಹಿಂದೆಯೇ ನಿಧಾನಕ್ಕೆ ನಡೆದು, ಕೊನೆಯ ಮನೆ ದಾಟಿದ ಮೇಲಷ್ಟೇ ಕಡಲು ಸೇರುತ್ತಾಳೆ. ಕಡಲಿಂದ ಹತ್ತೇ ಹೆಜ್ಜೆ ದೂರದ ಬಾವಿಯಿಂದ ಸೇದಿ ತಂದ, ಈಗ ನಿನ್ನ ಕೈಲಿರುವ ಆ ಲೋಟದ ನೀರು ಸಿಹಿಯಾಗಿರುವುದೂ ಅದಕ್ಕೇ.