ರೆಕಾರ್ಡಿನಲ್ಲಿ ಇಲ್ಲದ ನಾಳೆ

ಹೊಳೆದಂಡೆಯ ಆಶ್ರಮಕ್ಕೆ ಬಾಗಿಲೇ ಇಲ್ಲ, ಯಾರು ಬೇಕಾದರೂ ಹೋಗಬಹುದು ಎಂದು ಸುತ್ತಲಿನ ಜನ ಹೇಳುತ್ತಾರೆ. ಹೇಳುವವರಿಗೇನು. ತುಳಜಾ ಹೋದ ದಿನ ಬಾಗಿಲೂ ಇತ್ತು, ಬಾಗಿಲಿಗೆ ಅಡ್ಡವಾಗಿ ಒಬ್ಬ ಶಿಷ್ಯನೂ ಇದ್ದ.

“ಗುರುಗಳು ಇವತ್ತು ಯಾರನ್ನೂ ನೋಡೂದಿಲ್ಲ,” ಅಂದ ಶಿಷ್ಯ. ನಲವತ್ತು ದಾಟಿದ ಆಳು, ಹೆಗಲ ಮೇಲೆ ಒದ್ದೆ ಪಂಚೆ.

“ನಾ ಅವರ ವಿದ್ಯಾರ್ಥಿ ಅದೀನ್ರಿ.”

ಅವನು ಅವಳನ್ನು ಮೇಲಿಂದ ಕೆಳಗಿನ ತನಕ ನೋಡಿದ. ಹದಿನಾರರ ಹುಡುಗಿ, ಹೆಗಲಿಗೊಂದು ಚೀಲ, ಮೈತುಂಬ ಬಸ್ಸಿನ ಧೂಳು.

“ಅಂದ್ರ ಏನಪಾ ಅಂದ್ರ, ಇಲ್ಲಿ ಸಾಲಿ ಮುಚ್ಚಿ ಭಾಳ ವರ್ಷ ಆತು. ನೀ ಎಲ್ಲಿ ವಿದ್ಯಾರ್ಥಿ?”

ಆ ಮಾತು ಕೇಳಿದ್ದೇ ತುಳಜಾಳ ಮುಖ ಅರಳಿತು. “ನೀವು ಬಾಳಪ್ಪ ಅಲ್ರಿ? ಹಿಂದಿನ ಬೆಂಚಿನ ಬಾಳಪ್ಪ?”

“ನನ್ನ ಹೆಸರು ನಿನಗ ಹೆಂಗ ಗೊತ್ತು?” ಅಂದ ಶಿಷ್ಯ.

“‘ಅಂದ್ರ ಏನಪಾ ಅಂದ್ರ’ ಅನ್ನದ ನೀವು ಒಂದು ಮಾತೂ ಸುರು ಮಾಡಂಗಿಲ್ಲ. ಬೆಳಕಿನ ಪಾಠದಾಗ ಕಡ್ಲಿ ತಿಂದು ಸಿಕ್ಕುಬಿದ್ರಿ. ಗುರುಗಳು ನಿಮ್ಮನ್ನ ಹೊರಗ ನಿಲ್ಲಿಸಿದ್ರು.”

ಇವಳು ಎಲ್ಲಿಂದ ಬಂದವಳು ಎಂಬುದು ಬಾಳಪ್ಪನಿಗೆ ಆಗ ಹೊಳೆಯಿತು. ಹೊಳೆದ ಮೇಲೆ ಮುಖ ಇನ್ನಷ್ಟು ಬಿಗಿಯಾಯಿತು.

ಹಿಂದೆ ಈ ಆಶ್ರಮದಲ್ಲೊಂದು ಹೈಸ್ಕೂಲು ನಡೆಯುತ್ತಿತ್ತು. ಗುರುಗಳು ಪಾಠ ಮಾಡುವಾಗ ಯಾರೋ ಪುಣ್ಯಾತ್ಮರು ಮೂಲೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಎಲ್ಲವನ್ನೂ ಹಿಡಿದಿದ್ದರು. ಶಾಲೆ ಮುಚ್ಚಿತು, ಟೇಪುಗಳು ಉಳಿದವು. ಅವನ್ನು ನೆಟ್‌ಗೆ ಏರಿಸಿದವನು ಇದೇ ಬಾಳಪ್ಪ. ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಮಕ್ಕಳು, ಅವರಿಗೆ ಕಲಿಸುವ ತಾಯಂದಿರು, ಆ ಪಾಠಗಳನ್ನು ಫೋನಿನಲ್ಲಿ ಕೇಳಿಕೊಂಡು ವರ್ಷಗಟ್ಟಲೆ ಓದಿಕೊಂಡಿದ್ದರು.

ತುಳಜಾಳಿಗೆ ಮನೆ ಅಂದರೆ ನಾಟಕ ಕಂಪನಿಯ ಡೇರೆ. ಇವತ್ತು ಈ ಊರು, ಟಿಕೆಟ್ಟಿನ ಕಲೆಕ್ಷನ್ ಇಳಿಯಿತೋ ಇನ್ನೊಂದು ಊರು. ಯಾವ ಶಾಲೆಯೂ ಅವಳನ್ನು ಪೂರ್ತಿ ವರ್ಷ ಕಂಡಿರಲಿಲ್ಲ. ಅವಳ ಅವ್ವ ಹೀರಾಬಾಯಿ ನಾಟಕದಲ್ಲಿ ರಾಣಿಯ ಪಾರ್ಟು ಮಾಡುವವಳು. ಬೆಳಿಗ್ಗೆ ಎದ್ದು, ಕಿವಿಯ ಹಿಂದಿನ ಬಣ್ಣ ಇನ್ನೂ ಹೋಗಿರುವುದಿಲ್ಲ, ಮಗಳ ಎದುರು ಫೋನ್ ಇಟ್ಟು ತಾನೂ ಕೂತು ಪಾಠ ಕೇಳುತ್ತಿದ್ದಳು. ಈ ವರ್ಷ ಮಗಳು ಹತ್ತನೇ ಇಯತ್ತೆಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ್ದಳು.

ಪರೀಕ್ಷೆ ಹತ್ತಿರ ಬಂದಾಗ ಪಾಠಗಳ ಕೆಳಗೊಂದು ಸೂಚನೆ ಕಂಡಿತು. ಅಮಾವಾಸ್ಯೆ ಕಳೆದ ಮೇಲೆ ಈ ಪಾಠಗಳು ಇರುವುದಿಲ್ಲ, ಇದು ಗುರುಗಳ ಅಪ್ಪಣೆ. ಎಲ್ಲವನ್ನೂ ಇಳಿಸಿಕೊಳ್ಳೋಣ ಎಂದರೆ ಅವ್ವನ ಹಳೇ ಫೋನಿನಲ್ಲಿ ಅಷ್ಟು ಜಾಗವೆಲ್ಲಿ.

ಕಂಪನಿ ಮಾಲೀಕರಿಗೆ ಖುಷಿಯೋ ಖುಷಿ. “ಆತಲ್ಲ, ಓದಿದ್ದು ಸಾಕು. ಪುಸ್ತಕ ಕಟ್ಟಿಡು, ಬಣ್ಣ ಹಚ್ಚು,” ಅಂದರು.

ಹೀರಾಬಾಯಿ ಮಗಳ ಕೈಗೆ ಫೋನ್ ಕೊಟ್ಟು ಬಸ್ಸು ಹತ್ತಿಸಿದಳು. “ಹೋಗಿ ಕೇಳು. ಬೈದ್ರ ಬೈಸ್ಕೊ. ಅತ್ತುಗಿತ್ತು ಬರಬ್ಯಾಡ.”

ಹಾಗೆ ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ ಬಾಳಪ್ಪ ಹೇಳಿದ, “ನೋಡು ತಂಗಿ, ಫೋನಿನಾಗ ಕೇಳಿದವರೆಲ್ಲ ವಿದ್ಯಾರ್ಥಿ ಆಗಂಗಿಲ್ಲ. ಗುರುವಿನ ಎದುರು ಕುಂತಾವ ವಿದ್ಯಾರ್ಥಿ.”

“ನೀವು ಕುಂತಿದ್ರೆಲ್ಲ. ಬೆಳಕು ನೀರಿನಾಗ ಹ್ವಾದ್ರ ಯಾಕ ಬಾಗತೈತಿ, ಹೇಳ್ರಿ ನೋಡೂಣು.”

ಬಾಳಪ್ಪ ಪಂಚೆಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ. ಉತ್ತರ ಯಾವ ಹೆಗಲ ಮೇಲೂ ಇರಲಿಲ್ಲ.

“ಬಾಳಪ್ಪ, ಒಳಗ ಬಿಡು,” ಎಂದಿತು ಒಳಗಿನಿಂದ ಒಂದು ದನಿ.

ತುಳಜಾಳಿಗೆ ಮೈ ಜುಮ್ಮೆಂದಿತು. ಅದೇ ದನಿ, ಸ್ವಲ್ಪ ಸವೆದಿತ್ತು ಅಷ್ಟೆ. ಹಲ್ಲುಜ್ಜುವಾಗ, ಡೇರೆ ಬಿಚ್ಚುವಾಗ, ಲಾರಿಯಲ್ಲಿ ಸಾಮಾನಿನ ಮೇಲೆ ಕೂತಾಗ ಕೇಳಿದ ದನಿ. ಅದಕ್ಕೊಂದು ಮೈ ಇದೆ ಎಂದು ಅವಳು ನೆನೆದೇ ಇರಲಿಲ್ಲ.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವಳು ಹತ್ತಿರ ಬರುವಷ್ಟರಲ್ಲಿ ಬೆನ್ನು ತಿರುಗಿಸಿ ಹೊಳೆಯ ಕಡೆ ಮುಖ ಮಾಡಿದರು.

“ನನ್ನ ಮಾರಿ ನೋಡದ ಕಲಿತಾಕಿ ನೀ. ಇವತ್ತೂ ಹಂಗ ಮಾತಾಡು.”

ಇಷ್ಟು ದೂರ ಬಂದವಳಿಗೆ ಬೆನ್ನು. ತುಳಜಾಳಿಗೆ ದುಃಖವೂ ಆಯಿತು, ಸಿಟ್ಟೂ ಬಂತು. ಸಿಟ್ಟೇ ಮುಂದಾಯಿತು. ಅವಳೂ ತಿರುಗಿ, ಗುರುಗಳಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

“ನೀವೂ ನನ್ನ ನೋಡದ ಕಲಿಸಿದವರು. ಹಂಗ ಆಗ್ಲಿ.”

ಎರಡು ಬೆನ್ನುಗಳ ನಡುವೆ ನಿಂತ ಬಾಳಪ್ಪನಿಗೆ ಯಾವ ಕಡೆ ತಿರುಗಬೇಕೆಂದು ತಿಳಿಯಲಿಲ್ಲ.

“ಯಾಕ ಬಂದಿ?” ಗುರುಗಳು ಕೇಳಿದರು.

“ಪಾಠ ತಗೀಬ್ಯಾಡ್ರಿ ಅನ್ನಾಕ ಬಂದೀನಿ. ನನ್ನ ಹತ್ತನೇ ಪರೀಕ್ಷೆ ಹತ್ರ ಬಂದೈತ್ರಿ.”

“ಅವು ನನ್ನ ಪಾಠ.”

“ನೀವು ಕೊಟ್ಟ ಮ್ಯಾಲ ನಮ್ಮವು.”

“ಏ, ಯಾರ ಮುಂದ ಮಾತಾಡಾಕತ್ತಿ ಖಬರು ಐತೇನು?” ಬಾಳಪ್ಪ ಗದರಿದ.

“ಮುಂದ ಎಲ್ಲಿ ಅದಾಳ ಬಾಳಪ್ಪ, ಹಿಂದ ಕುಂತಾಳ. ಮಾತಾಡ್ಲಿ ಬಿಡು,” ಎಂದರು ಗುರುಗಳು. ಆಮೇಲೆ ಅವಳಿಗೆ ಹೇಳಿದರು, “ಕೇಳಾವರ ಮಾರಿ ಕಾಣದ ಮಾತಾಡೂದು ಗ್ವಾಡಿ ಕೂಡ ಮಾತಾಡಿದಂಗ. ನೀ ತೂಕಡಿಸಿದ್ರ ನನಗ ಹೆಂಗ ತಿಳೀಬೇಕು? ನಿನ್ನ ಬಯ್ಯಾವರು ಯಾರು?”

“ನೀವ ಬೈದೀರಿ. ಬಾಳಪ್ಪ ಕಾಕಾಗ ಬೈದಾಗೆಲ್ಲ ನಾ ನೆಟ್ಟಗ ಕುಂತೀನಿ.”

“ಪ್ರಶ್ನೆ ಕೇಳಾವರು ಯಾರು?”

“ಅದೂ ನೀವ. ನೀವು ಕೇಳೂದ ತಡ, ಮುಂದಿನ ಬೆಂಚಿನ ನೀಲವ್ವ ಪಟ್ನ ಉತ್ತರ ಹೇಳತಾಳ. ಅಕಿ ಬಾಯಿ ತಗಿಯೂದ್ರಾಗ ನಾ ಫೋನ್ ನಿಲ್ಲಿಸ್ತೀನಿ. ನನ್ನ ಉತ್ತರ ನಾ ಹೇಳಿ, ಆಮ್ಯಾಲ ಅಕಿದು ಕೇಳತೀನಿ.”

“ಯಾರು ಗೆಲ್ಲತೀರಿ?”

“ಮದಲ ಅಕಿನ ಗೆಲ್ಲತಿದ್ಲು. ಈಗ ನಾನ.”

ಗುರುಗಳ ಬೆನ್ನು ಸ್ವಲ್ಪ ಅಲುಗಿತು. ಕೆಮ್ಮೋ ನಗುವೋ, ಬಾಳಪ್ಪನಿಗೆ ಗೊತ್ತಾಗಲಿಲ್ಲ.

ಆ ನೀಲವ್ವನಿಗೆ ಈಗ ಮೊಮ್ಮಗು ಹುಟ್ಟಿದೆ ಎಂಬ ಮಾತನ್ನು ಅವನು ಹೇಳಬೇಕೆಂದುಕೊಂಡು ಸುಮ್ಮನಾದ. ಈ ಹುಡುಗಿಯ ತಲೆಯಲ್ಲಿ ಆಕೆ ಇನ್ನೂ ಎರಡು ಜಡೆ ಹಾಕಿಕೊಂಡ ಗೆಳತಿ.

“ಆದ್ರೂ ಅದು ಹಿಡಿದಿಟ್ಟ ದನಿ,” ಎಂದರು ಗುರುಗಳು. “ನೀ ಒಂದು ಮಾತು ಕೇಳಿದ್ರ ಅದು ಉತ್ತರ ಕೊಡತೈತೇನು?”

ಪೆಟ್ಟು ಸರಿಯಾದ ಜಾಗಕ್ಕೆ ಬಿದ್ದಿತ್ತು.

“ಕೊಡಂಗಿಲ್ರಿ,” ಎಂದಳು ತುಳಜಾ. ಒಪ್ಪಿಕೊಂಡು ಬಿಡುವ ಪೈಕಿ ಅಲ್ಲ ಅವಳು. “ಆದ್ರ ಎದುರು ಕುಂತು ಕೇಳಿದವರಿಗೆ ನೀವೂ ಕೊಟ್ಟಿಲ್ಲ.”

“ಯಾವಾಗ?”

“ತೇಲೂದು ಮುಳುಗೂದು ಹೇಳೋ ಪಾಠದಾಗ. ಗಂಟಿ ಬಾರಿಸೋ ಹೊತ್ತಿಗೆ ಒಬ್ಬ ಹುಡುಗ ಕೇಳತಾನ. ಕೆರಿಯಾಗ ಒಂದು ದೋಣಿ, ದೋಣಿಯಾಗ ಒಂದು ದೊಡ್ಡ ಕಲ್ಲು. ಆ ಕಲ್ಲು ಎತ್ತಿ ನೀರಿಗೆ ಒಗದ್ರ ಕೆರಿ ನೀರು ಏರತೈತೋ ಇಳಿತೈತೋ ಅಂತ. ನೀವು ‘ನಾಳೆ ಹೇಳತೀನಿ’ ಅಂದ್ರಿ. ಮುಂದಿನ ಪಾಠ ಹಾಕಿದ್ರ ಅಲ್ಲಿ ಶಾಖದ ಮಾತು ಬಂತು. ಆ ನಾಳೆ ಇಲ್ಲ. ಹಿಂದ ಮುಂದ ಎಲ್ಲಾ ಹುಡುಕೀನಿ.”

ಬಾಳಪ್ಪನಿಗೆ ಈಗ ಜೀವ ಬಂತು. “ನನಗ ಗೊತ್ತೈತಿ. ಆ ಟೇಪು ಬ್ಯಾರೆ ಪೆಟಿಗಿಯಾಗ ಉಳಿದಿತ್ತು, ಏರಿಸಾಕ ಆಗಿರಲಿಲ್ಲ. ಅಂದ್ರ ಏನಪಾ ಅಂದ್ರ, ನೀರು ಏರತೈತಿ. ಮರುದಿನ ಗುರುಗಳು ಹೇಳಿದ್ರು, ನಾವೆಲ್ಲ ಬರ್ಕೊಂಡ್ವಿ.” ಅವನ ಎದೆ ಉಬ್ಬಿತ್ತು. “ಎದುರು ಕುಂತವರಿಗೂ ಫೋನಿನಾಗ ಕೇಳಿದವರಿಗೂ ಇದ ನೋಡು ಫರಕು.”

ತುಳಜಾಳ ಹತ್ತಿರ ಇದ್ದದ್ದು ಬೇರೆ ಉತ್ತರ.

“ಹೌದು, ಏರತೈತಿ ಅಂತ ಹೇಳಿದ್ದೆ,” ಎಂದರು ಗುರುಗಳು. “ಈಗ ನಿನಗೂ ಸಿಕ್ತಲ್ಲ. ಹೂಂ ಅಂದು ಒಪ್ಪಿಕೊಂಡು ಹೋಗು. ನಿನ್ನ ಪರೀಕ್ಷೆ ಮುಗಿಯೋ ತನಕ ಪಾಠ ತಗಿಯಂಗಿಲ್ಲ.”

ಅಷ್ಟೇ ಬೇಕಾಗಿತ್ತು ಅವಳಿಗೆ. ಒಂದು ಹೂಂ. ಅವ್ವ ಹಿಗ್ಗುತ್ತಾಳೆ, ಮಾಲೀಕರ ಬಾಯಿ ಬಂದ್ ಆಗುತ್ತದೆ, ಪರೀಕ್ಷೆ ಕೈಗೆ ಬರುತ್ತದೆ. ನಾಟಕದವರ ಮನೆಯ ಹುಡುಗಿಗೆ ತನ್ನದಲ್ಲದ ಮಾತು ಆಡುವುದು ಎಷ್ಟರ ಕೆಲಸ. ಬಾಯಿ ತೆರೆದಳು.

“ಇಳಿತೈತ್ರಿ.”

“ಹುಚ್ಚು ಹುಡುಗಿ,” ಎಂದ ಬಾಳಪ್ಪ, “ಹೂಂ ಅಂದು ಎದ್ದು ಹೋಗು.”

“ಗುರುಗಳು ಹೇಳಿದ್ರೂ ಇಳಿತೈತಿ. ಆ ನಾಳೆ ಬರತೈತಿ ಅಂತ ಕಾದೆ. ಕಾದು ಸಾಕಾಗಿ ಅಡಗಿ ಡೇರ್‍ಯಾಗಿನ ಬಕೆಟ್‌ನಾಗ ನೀರು ತುಂಬಿ ನೋಡಿದೆ. ಇಳೀತು. ನಂಬಲಿಲ್ಲ, ಮತ್ತ ನೋಡಿದೆ. ಅಡಗಿಯವರು ಬೈದು ಬಕೆಟ್ ಕಸ್ಕೊಂಡ್ರು, ಅವ್ವ ಜಗಳ ಆಡಿ ಇಸ್ಕೊಂಡು ಬಂದ್ಲು. ಮತ್ತೂ ಇಳೀತು. ಯಾಕ ಅಂತ ತಿಳಿಯೋ ತನಕ ನಾ ಬಿಡಲಿಲ್ಲ.”

“ಪಾಠ ಹೋಗತಾವ,” ಎಂದರು ಗುರುಗಳು.

“ಹೋಗ್ಲಿ.”

ಅಳು ಬಂತು. ಅವ್ವ ಬೇಡ ಅಂದಿದ್ದಕ್ಕಲ್ಲ, ಈ ಮನುಷ್ಯನ ಎದುರು ಅಳಬಾರದು ಎಂದು ಅವಳೇ ನುಂಗಿಕೊಂಡಳು.

“ಇಳಿಯೋ ನೀರನ್ನ ಏರತೈತಿ ಅಂತ ಹೆಂಗ ಅನ್ಲಿ? ಒಂದು ಪಾಠದಾಗೂ ನೀವು ನನಗ ಹಂಗ ಕಲಿಸಿಲ್ಲ. ಬೇಕಾದ್ರ ಎಲ್ಲಾ ತಗದು ಹೊಳಿಗೆ ಹಾಕ್ರಿ. ನಾ ಕಲಿತದ್ದನ್ನ ಹೆಂಗ ತಗೀತೀರಿ?”

ಗುರುಗಳು ತಿರುಗಿದರು.

“ಈ ಕಡೆ ನೋಡು ತಾಯಿ. ತೋರಿಸು.”

ಅವಳು ತಿರುಗಿದಳು. ದನಿಯಷ್ಟು ದೊಡ್ಡದಾಗಿರಲಿಲ್ಲ ಮೈ, ಕಣ್ಣು ಮಾತ್ರ ಚುರುಕು.

ಬಾಳಪ್ಪ ಬಕೆಟ್ ತಂದ. ತುಳಜಾ ಒಂದು ಹಿತ್ತಾಳೆಯ ಬಟ್ಟಲು ಕೇಳಿದಳು. ಮೆಟ್ಟಿಲ ಬಳಿಯ ದುಂಡು ಕಲ್ಲಿಗೆ ದಾರ ಕಟ್ಟಿ ಬಟ್ಟಲಲ್ಲಿಟ್ಟು, ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟಳು. ಆಮೇಲೆ ಅಂಗೈಯಲ್ಲಿ ನೀರು ಹಾಕುತ್ತ ಹಾಕುತ್ತ ಬಕೆಟ್ಟಿನ ಅಂಚಿನವರೆಗೂ ತುಂಬಿದಳು. ಇನ್ನೊಂದು ಹನಿ ಬಿದ್ದರೆ ಚೆಲ್ಲಬೇಕು.

“ಈಗ ಏರಿದ್ರ ಹೊರಗ ಚೆಲ್ಲತೈತಿ,” ಎಂದಳು.

ಬಾಳಪ್ಪ ಪಂಚೆ ಎತ್ತಿಕೊಂಡು ಒಂದು ಮೆಟ್ಟಿಲು ಮೇಲೆ ಹೋಗಿ ನಿಂತ.

ಅವಳು ದಾರ ಹಿಡಿದು ಕಲ್ಲನ್ನು ಬಟ್ಟಲಿನಿಂದ ಎತ್ತಿದಳು. ಮೆಲ್ಲಗೆ ನೀರಿಗೆ ಇಳಿಸಿ ತಳಕ್ಕೆ ಬಿಟ್ಟಳು. ಬಟ್ಟಲು ಹಗುರಾಗಿ ಮೇಲೆದ್ದು ಅಲ್ಲಾಡಿತು. ಒಂದು ಹನಿಯೂ ಚೆಲ್ಲಲಿಲ್ಲ. ನೀರು ಅಂಚಿನಿಂದ ಕೆಳಗೆ ನಿಂತಿತ್ತು, ಬೆರಳಿಟ್ಟು ನೋಡುವಷ್ಟು ಕೆಳಗೆ.

“ಯಾಕ?” ಗುರುಗಳು ಕೇಳಿದರು.

“ಬಟ್ಟಲಾಗ ಇದ್ದಾಗ ಕಲ್ಲು ತನ್ನ ತೂಕದಷ್ಟು ನೀರನ್ನ ಸರಿಸಿತ್ತು. ತಳಕ್ಕ ಹ್ವಾದ ಮ್ಯಾಲ ತನ್ನ ಗಾತ್ರದಷ್ಟು ಮಾತ್ರ ಸರಿಸತೈತಿ. ಕಲ್ಲಿನ ತೂಕ ಭಾಳ, ಗಾತ್ರ ಸಣ್ಣದು. ಅದಕ್ಕ.”

ಬಾಳಪ್ಪ ಕೆಳಗಿಳಿದು ಬಂದು ಬಕೆಟ್ಟಿನೊಳಗೆ ಬಗ್ಗಿದ. ಬೆರಳಿಟ್ಟು ನೋಡಿದ. ಇನ್ನೊಮ್ಮೆ ಇಟ್ಟು ನೋಡಿದ.

“ಗುರುಗಳೆ, ನೀವು ಏರತೈತಿ ಅಂದಿದ್ರಿ.”

“ಅಂದಿದ್ದೆ.”

“ಗೊತ್ತಿದ್ದೂ ಅಂದ್ರೇನ್ರಿ?”

“ಒಬ್ರಾದ್ರೂ ಜಗಳಕ್ಕ ಬರತೀರಿ ಅಂತ ಕಾದು ಕುಂತೆ. ಎಲ್ಲಾರೂ ತೆಲಿ ಬಗ್ಗಿಸಿ ಬರ್ಕೊಂಡ್ರಿ. ಗಂಟಿ ಬಾರಿಸ್ತು, ಎದ್ದು ಹ್ವಾದ್ರಿ.”

ಬಾಳಪ್ಪನ ಮುಖ ಸಣ್ಣದಾಯಿತು. ಇಷ್ಟು ವರ್ಷ ಗುರುಗಳ ಬಾಗಿಲು ಕಾಯುತ್ತ, ಅವರ ಮಾತನ್ನು ಜೋಪಾನ ಮಾಡಿಕೊಂಡು ಬಂದವನು. ತುಳಜಾಳಿಗೆ ಅವನನ್ನು ನೋಡಿ ಪಾಪ ಅನ್ನಿಸಿತು. ಹಿಂದಿನ ಬೆಂಚಿನ ಹುಡುಗ ಅವಳಿಗೂ ಬೇಕಾದವನೇ ಅಲ್ಲವೆ.

“ಇನ್ನೊಂದ್ಸಲ ಮಾಡೂಣು ಕಾಕಾ,” ಎಂದಳು. “ಈ ಸಲ ನೀವು ಕಲ್ಲು ಬಿಡ್ರಿ.”

ಅವನು ಬಿಟ್ಟ. ಅವನ ಕೈಯಲ್ಲೂ ನೀರು ಇಳಿಯಿತು. ಆಗ ಅವನಿಗೇ ನಗು ಬಂತು.

“ಹಂಗಾದ್ರ ಪಾಠ ತಗಿಯೂದು ಬ್ಯಾಡೇನ್ರಿ?” ಅವನು ಗುರುಗಳನ್ನು ಕೇಳಿದ.

“ಬ್ಯಾಡ. ಗ್ವಾಡಿ ಅಂದ್ಕೊಂಡಿದ್ದೆ, ಅದರ ಆಚಿ ಮಂದಿ ಇದ್ರು.”

ತುಳಜಾ ಈಗ ಅತ್ತಳು. ಗೆದ್ದ ಮೇಲೆ ಅತ್ತರೆ ಅವ್ವ ಏನೂ ಅನ್ನುವುದಿಲ್ಲ.

ಬಾಳಪ್ಪನಿಗೆ ಉತ್ಸಾಹ ಹೆಚ್ಚಿತು. “ಅಂದ್ರ ಏನಪಾ ಅಂದ್ರ, ಆ ಬಿಟ್ಟು ಹೋದ ಟೇಪು ಪೆಟಿಗಿಯಾಗ ಹಂಗ ಐತ್ರಿ. ಇವತ್ತ ತಗದು, ಕೊನಿಗೆ ನಿಮ್ಮ ಬಾಯಿಂದ ಸರಿ ಉತ್ತರಾನೂ ಹೇಳಿಸಿ, ಏರಿಸಿಬಿಡತೀನಿ. ಮನ್ಯಾಗ ಓದೋ ಹುಡುಗರಿಗೆ ಏನೂ ಕಮ್ಮಿ ಆಗಬಾರದು.”

ಗುರುಗಳು ಹುಡುಗಿಯ ಕಡೆ, ಅವಳ ಎದುರಿನ ಬಕೆಟ್ಟಿನ ಕಡೆ ಒಮ್ಮೆ ನೋಡಿ, ಶಿಷ್ಯನ ಕಡೆ ತಿರುಗಿದರು.

“ಉಳಿದದ್ದೆಲ್ಲಾ ಇರಲಿ, ಬಾಳಪ್ಪ. ಆ ಒಂದು ನಾಳೆ ಮಾತ್ರ ಯಾರಿಗೂ ಸಿಗಬಾರದು.”