ತಿಪ್ಪೇಶಿ ಪುಕ್ಕಟೆ ವೈಫೈ ಹುಡುಕಿದ್ದು

ಪುರಸಭೆಯವರು ಮಾಡಿದ್ದು ತಪ್ಪು. ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಮಾರುವ ಹೆಂಗಸರು ತಮ್ಮ ಜಾಗ ಉಳಿಸಿಕೊಳ್ಳಬೇಕಾದರೆ ಶನಿವಾರ ಸಂಜೆಯೊಳಗೆ ಫೋನಿನಲ್ಲೇ ಅರ್ಜಿ ಕಳಿಸಬೇಕು ಅಂದರು. ಹಾಗಂತ ಕಚೇರಿ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿ ಬಾಗಿಲು ಹಾಕಿಕೊಂಡರು. ಓದು ಬಾರದವರಿಗೆ ಚೀಟಿ ಅಂಟಿಸುವ ಬುದ್ಧಿವಂತರು ಇವರು! ಇವರನ್ನು ಯಾರೂ ಪೆದ್ದರು ಅನ್ನುವುದಿಲ್ಲ. ಊರೆಲ್ಲ ಪೆದ್ದ ಅನ್ನುವುದು ತಿಪ್ಪೇಶಿಯನ್ನು. ಆಗಲಿ, ಅವನ ಕತೆಯನ್ನೇ ಕೇಳಿ.

ತಿಪ್ಪೇಶಿ ಹೂ ಮಾರುವ ಕರಿಬಸವ್ವನ ಒಬ್ಬನೇ ಮಗ. ಆಳು ಎತ್ತಿನಂಥವನು, ಮನಸ್ಸು ಹಾಲಿನಂಥದ್ದು, ತಲೆ ಮಾತ್ರ ತೊಳೆದು ಬೋರಲು ಹಾಕಿದ ಕೊಡ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆಯಿಲ್ಲ. "ಮಳೆ ಬಂದ್ರೆ ಛತ್ರಿ ಬಿಚ್ಚು" ಅಂದರೆ ಬಿಚ್ಚುತ್ತಿದ್ದ, ಬಟ್ಟೆ ಬೇರೆ, ಕಡ್ಡಿ ಬೇರೆ. ಕರಿಬಸವ್ವ ಹಗಲೆಲ್ಲ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಸಂಜೆಯಾದರೆ ಅದೇ ಕೈಯಲ್ಲಿ ಅವನ ನೆತ್ತಿಗೆ ಎಣ್ಣೆ ಒತ್ತುತ್ತಿದ್ದಳು.

ಪಕ್ಕದಲ್ಲಿ ಬಾಳೆಹಣ್ಣು ಮಾರುವ ಜೈತೂನ್‌ಬಿಯ ಮಗಳು ಕರಿಬಸವ್ವನ ಫೋನಿನಲ್ಲಿ ಅರ್ಜಿ ತುಂಬಿಕೊಟ್ಟಳು. ಕೆಳಗೆ ಒಂದು ಹಸಿರು ಬಟನ್. ಒತ್ತಿದರೆ ಅರ್ಜಿ ಹೋಗಬೇಕು. ಒತ್ತಿದರು. ಹೋಗಲಿಲ್ಲ. ನೆಟ್ ಪ್ಯಾಕ್ ಮುಗಿದಿತ್ತು. ರೀಚಾರ್ಜ್ ಮಾಡಿಸಬಹುದಿತ್ತಲ್ಲ ಅನ್ನುತ್ತೀರಾ? ಹೂ ಬಾಡಿದ ದಿನ ಅಕ್ಕಿ ತರುವುದೋ, ನೆಟ್ ತರುವುದೋ? ಹೊಟ್ಟೆ ತುಂಬಿದವರು ಇಂಥದ್ದು ಕೇಳಬಾರದು.

ಜೈತೂನ್‌ಬಿ ಅಂದಳು, "ಕರಿಬಸವ್ವಾ, ಈಗ ಹೋಟೆಲ್‌ನಾಗೆಲ್ಲಾ ವೈಫೈ ಪುಕ್ಕಟೆ ಕೊಡ್ತಾರಂತೆ. ತಿಪ್ಪೇಶೀನ ಕಳಿಸು."

"ಇವನನ್ನಾ? ನೀರು ತಾ ಅಂದ್ರೆ ನಲ್ಲಿ ಕಿತ್ಕೊಂಡು ಬರೋನನ್ನಾ?"

"ಮತ್ತೆ ನೀನು ಹೋಗ್ತೀಯಾ? ಬುಟ್ಟಿ ಬಿಟ್ಟು ಎದ್ರೆ ಜಾಗಕ್ಕೆ ಇನ್ನೊಬ್ರು ಕೂರ್ತಾರೆ, ನೋಡ್ಕೋ."

ಕರಿಬಸವ್ವ ಮಗನ ಕೈಗೆ ಫೋನ್ ಕೊಟ್ಟಳು. "ಹೋಟೆಲಿಗೆ ಹೋಗು. ಸುಮ್ನೆ ಕೂತ್ಕೋ. ಬಾಯಿ ಬಿಡಬೇಡ. ನೀನು ಬಾಯಿ ಬಿಟ್ರೆ ನಮ್ಮ ಮಾನ ಹೋಗ್ತದೆ. ನೆಟ್ ಬಂದ ಕೂಡ್ಲೆ ಹಸಿರು ಬಟನ್ ಒತ್ತು."

"ಆಗಲಿ ಅವ್ವಾ!"

ಹೋದ. ಕೂತ. ಸಪ್ಲೈಯರ್ ಬಂದ. "ಏನು ಕೊಡ್ಲಿ?"

ತಿಪ್ಪೇಶಿ ಬಾಯಿ ಬಿಡಲಿಲ್ಲ.

"ಇಡ್ಲಿನಾ? ವಡೇನಾ? ದೋಸೇನಾ?"

ತುಟಿ ಇನ್ನೂ ಬಿಗಿ ಮಾಡಿದ. ಗಲ್ಲಾದಲ್ಲಿ ಕೂತಿದ್ದ ಹೋಟೆಲಿನ ಯಜಮಾನ ನೋಡಿದ. "ಪಾಪ, ಮೂಗ ಕಣೋ. ಎರಡು ಇಡ್ಲಿ ಹಾಕಿ ಕಳಿಸು." ಮುಂದೆ ಇಡ್ಲಿ ಬಂತು, ಚಟ್ನಿ ಬಂತು. ಹೊಟ್ಟೆ ಚುರ್ ಅನ್ನುತ್ತಿತ್ತು. ಆದರೆ ಬಾಯಿ ಬಿಡಬಾರದಲ್ಲ!

ಬಸ್ ಸ್ಟ್ಯಾಂಡಿಗೆ ಬಂದವನೇ ಜೇಬಿಗೆ ಕೈ ಹಾಕಿ ಇಡ್ಲಿ ತೆಗೆದ. ಚಟ್ನಿ ತೊಡೆ ಮೇಲೆ ಇಳಿದಿತ್ತು.

"ಇದೇನ್ಲಾ?"

"ಇಡ್ಲಿ ಅವ್ವಾ. ಬಾಯಿ ಬಿಡಬೇಡ ಅಂದಿದ್ಯಲ್ಲ. ಈಗ ತಿನ್ಲಾ?"

"ತಿನ್ನು! ನನ್ನನ್ನೂ ತಿಂದ್‌ಬಿಡು! ವೈಫೈ ಎಲ್ಲೋ?"

"ಅವರು ಇಡ್ಲೀನೇ ಕೊಟ್ಟಿದ್ದು."

"ಕೇಳ್ದೆ ಯಾರು ಕೊಡ್ತಾರೋ ಪೆದ್ದುಮುಂಡೇದೇ! ನಾಳೆ ಬೇರೆ ಹೋಟೆಲಿಗೆ ಹೋಗು. ಒಂದು ಕಾಫಿ ತಗೋ. ಗಲ್ಲಾದವರನ್ನ ಪಾಸ್‌ವರ್ಡ್ ಕೇಳು. ಅವರು ಏನು ತೋರಿಸ್ತಾರೋ ಅದನ್ನ ಒಂದೊಂದೇ ಅಕ್ಷರ ಗಟ್ಟಿಯಾಗಿ ಒತ್ತು."

"ಆಗಲಿ ಅವ್ವಾ!"

ಮಾರನೇ ದಿನ ಹೋದ. ಕಾಫಿ ಕುಡಿದ. ಗಲ್ಲಾದವರ ಮುಂದೆ ನಿಂತು, "ಪಾಸ್‌ವರ್ಡ್ ಕೊಡಿ ಸಾರ್!" ಅಂದ. ಅವರು ತಲೆ ಎತ್ತದೆ ಗೋಡೆ ಕಡೆ ಬೆರಳು ಮಾಡಿದರು. "ಅಲ್ಲಿ ಬರ್ದೈತಲ್ಲ. ಒತ್ಕೊಳ್ಳಪ್ಪ."

ಗೋಡೆ ಮೇಲೆ ನೀಲಿ ಬಣ್ಣದಲ್ಲಿ ಪಾಸ್‌ವರ್ಡ್ ಬರೆಸಿದ್ದರು. ಅವತ್ತು ಬೆಳಿಗ್ಗೆ ತಾನೇ ಬರೆಸಿದ್ದು. ತಿಪ್ಪೇಶಿ ಫೋನ್ ಜೇಬಿಗೆ ಹಾಕಿ, ತೋಳು ಮೇಲಕ್ಕೆ ಮಡಚಿ, ಹೆಬ್ಬೆಟ್ಟಿಟ್ಟು ಒತ್ತಿದ. ಮೊದಲನೇ ಅಕ್ಷರ. ಎರಡನೇ ಅಕ್ಷರ. ಅವ್ವ ಗಟ್ಟಿಯಾಗಿ ಅಂದಿದ್ದಾಳೆ, ಗಟ್ಟಿಯಾಗಿ! ಮೂರನೇ ಅಕ್ಷರ.

"ಏಯ್! ಏಯ್! ಅಳಿಸ್ತಾ ಇದಾನೆ ನೋಡ್ರೋ!"

"ನಾನಿನ್ನೂ ಬರ್ಕೊಂಡಿಲ್ಲ ಕಣ್ರೀ!" ಎಂದೊಬ್ಬ ಕೂಗಿದ.

ಕಡೆಯ ಅಕ್ಷರ ಒತ್ತುವ ಹೊತ್ತಿಗೆ ಗೋಡೆ ಮೇಲೆ ಉಳಿದದ್ದು ಒಂದು ನೀಲಿ ಮೋಡ. ಗಲ್ಲಾದವರು ಎದ್ದು ಬಂದು ಕತ್ತಿನ ಪಟ್ಟಿ ಹಿಡಿದರು.

"ಎಲ್ಲಾ ಒತ್ತಿದೆ ಸಾರ್, ನೆಟ್ ಯಾವಾಗ ಬರ್ತದೆ?"

ನೆಟ್ ಬರಲಿಲ್ಲ. ಬೆನ್ನಿಗೆ ಎರಡು ಬಂದವು.

ಕರಿಬಸವ್ವ ಅವನ ನೀಲಿ ಹೆಬ್ಬೆಟ್ಟು ನೋಡಿ ಅಳುವುದೋ ನಗುವುದೋ ತಿಳಿಯದೆ ಸೆರಗು ಬಾಯಿಗೆ ಒತ್ತಿಕೊಂಡಳು. ಜೈತೂನ್‌ಬಿ ನಕ್ಕೇಬಿಟ್ಟಳು. "ನಿನ್ನ ಮಗ ಮತ ಹಾಕಿ ಬಂದಂಗೆ ಕಾಣ್ತಾನಲ್ಲೇ!"

"ಲೋ! ಗೋಡೆ ಮೇಲೆ ಒತ್ತೋದಲ್ಲ ಕಣೋ! ಎಲ್ಲಿ ಏನೇ ಬರೆದಿರಲಿ, ಅದನ್ನ ಮುಟ್ಟಲೇಬೇಡ. ಓದ್ಕೋ, ಫೋನಿನಲ್ಲಿ ಒತ್ತು. ತಿಳೀತಾ?"

"ತಿಳೀತು ಅವ್ವಾ!"

ತಿಳಿಯಿತಂತೆ. ಕೇಳಿ ಮುಂದೆ.

ಕಾಲೇಜು ರಸ್ತೆಯಲ್ಲಿ ಹೊಸದೊಂದು ಕಾಫಿ ಅಂಗಡಿ ಆಗಿತ್ತು. ಗಾಜಿನ ಬಾಗಿಲು, ಒಳಗೆ ಮೆತ್ತನೆ ಕುರ್ಚಿ. ತಿಪ್ಪೇಶಿ ಬಾಗಿಲ ಮುಂದೆ ನಿಂತ. ಬಾಗಿಲಿನ ಮೇಲೆ ದಪ್ಪಕ್ಷರದಲ್ಲಿ "ತಳ್ಳಿ" ಎಂದು ಬರೆದಿತ್ತು. ಬರೆದದ್ದನ್ನು ಮುಟ್ಟುವ ಹಾಗಿಲ್ಲ. ಓದಿಕೊಂಡ. ಫೋನಿನಲ್ಲಿ ಒತ್ತಿದ. ಪಾಸ್‌ವರ್ಡ್ ತಪ್ಪು ಅಂತ ಬಂತು. ಮತ್ತೆ ಒತ್ತಿದ. ಮತ್ತೆ ತಪ್ಪು.

ಹಿಂದೆ ಜನ ಸೇರಿದರು. ಮೊಮ್ಮಗಳನ್ನು ಎತ್ತಿಕೊಂಡ ಒಬ್ಬ ಮುದುಕ ರೇಗಿದ. "ತಳ್ಳಯ್ಯಾ!"

"ಅದನ್ನೇ ಒತ್ತುತಾ ಇದೀನಿ ಯಜಮಾನ್ರೇ. ಆಗ್ತಿಲ್ಲ."

"ತಳ್ಳೋ ಮಾರಾಯಾ!"

"ಅಯ್ಯೋ, ನೀವೂ ಅದನ್ನೇ ಹೇಳ್ತೀರಿ, ಬಾಗಿಲೂ ಅದನ್ನೇ ಹೇಳ್ತದೆ, ಈ ಫೋನು ಮಾತ್ರ ಒಪ್ಪಲ್ಲ!"

ಒಳಗಿದ್ದವರು ಹೊರಗೆ ಬರುವ ಹಾಗಿಲ್ಲ, ಹೊರಗಿದ್ದವರು ಒಳಗೆ ಹೋಗುವ ಹಾಗಿಲ್ಲ. ಕಡೆಗೆ ಕಾವಲುಗಾರ ಬಂದು ಅವನನ್ನು ರಸ್ತೆಯ ಆಚೆ ಬದಿಗೆ ಬಿಟ್ಟುಬಂದ.

ಕರಿಬಸವ್ವ ಈ ಸಲ ಬೈಯಲೂ ಇಲ್ಲ. ಕಟ್ಟುತ್ತಿದ್ದ ಹೂ ಮಡಿಲಲ್ಲೇ ಬಿಟ್ಟು ಕೂತಳು. "ನಾಳೆ ಶನಿವಾರ ಕಣೋ ಮಗನೇ. ಈ ಜಾಗ ಹೋದ್ರೆ ನಾನೆಲ್ಲಿ ಕೂರ್ಲಿ? ನಿನಗೇನು ಹಾಕ್ಲಿ?"

ತಿಪ್ಪೇಶಿಯ ಕಣ್ಣು ತುಂಬಿತು. "ಹೇಳವ್ವಾ, ಹೆಂಗೆ ಹೇಳ್ತೀಯೋ ಹಂಗೇ ಮಾಡ್ತೀನಿ."

ಅದೇ ಅವಳ ಭಯ! ಆದರೂ ಹೇಳಿದಳು. "ಪುರಸಭೆ ಪಕ್ಕದ ಹೋಟೆಲಿಗೆ ಬಾ. ನಾನೂ ಅಲ್ಲೇ ಹೊರಗೆ ಇರ್ತೀನಿ. ಬಾಗಿಲು ಕಂಡ್ರೆ ತಳ್ಳು. ಕೈಯಲ್ಲಿ ಶಕ್ತಿ ಇರೋ ತನಕ ತಳ್ಳು. ಯಾರು ಏನಂದ್ರೂ ಬಿಡಬೇಡ."

ಶನಿವಾರ ಮಧ್ಯಾಹ್ನ, ಕಡೆಯ ದಿನ ಅಂತ, ಬುಟ್ಟಿಯ ಹೆಂಗಸರೆಲ್ಲ ಎದ್ದು ಬಂದು ಪುರಸಭೆಯ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ವಾರದಿಂದ ಇಬ್ಬಿಬ್ಬರಾಗಿ ಸರದಿ ಮೇಲೆ ಬಂದು ಬಂದು ನಿಲ್ಲುತ್ತಿದ್ದರು. "ಸ್ವಾಮೀ" ಅಂತ ಕೂಗುತ್ತಿದ್ದರು. ಬಾಗಿಲು ತಟ್ಟುತ್ತಿದ್ದರು, ಅದೂ ಮೆಲ್ಲಗೆ, ಸಾಹೇಬರಿಗೆ ಬೇಜಾರಾಗದ ಹಾಗೆ.

ತಿಪ್ಪೇಶಿ ಬಂದ. ಬಾಗಿಲು ಕಂಡ.

"ಅದಲ್ಲ ಕಣೋ! ಆ ಪಕ್ಕದ್ದು!" ಅಂತ ಕರಿಬಸವ್ವ ಕೂಗುವಷ್ಟರಲ್ಲಿ ಎರಡು ಕೈಯೂ ಇಟ್ಟು ತಳ್ಳಿದ.

ಬಾಗಿಲು ತೆರೆದುಕೊಂಡಿತು! ಬೀಗ ಹಾಕಿರಲಿಲ್ಲ, ಚಿಲಕ ಹಾಕಿರಲಿಲ್ಲ. ಸುಮ್ಮನೆ ಮುಂದಕ್ಕೆ ಮಾಡಿದ್ದರು, ಅಷ್ಟೇ.

ಒಳಗೆ ಸಾಹೇಬರು ಮೇಜಿನ ಮೇಲೆ ಕಾಲು ಹಾಕಿ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಗೋಡೆಯಲ್ಲಿ ವೈಫೈ ಪೆಟ್ಟಿಗೆ ಮಿಣಮಿಣ ಅನ್ನುತ್ತಿತ್ತು. ಹೆಂಗಸರೆಲ್ಲ ದಬದಬ ನುಗ್ಗಿದರು.

"ಅರೆ! ಪುಕ್ಕಟೆ ವೈಫೈ ಇಲ್ಲೇ ಐತಲ್ಲೇ!" ಅಂದಳು ಜೈತೂನ್‌ಬಿ.

ಸಾಹೇಬರು ಗಡಬಡಿಸಿ ಎದ್ದರು. "ಯಾರು ಬಿಟ್ರು ನಿಮ್ಮನ್ನ? ಎಲ್ಲಾ ಫೋನಿನಲ್ಲೇ! ಸೋಮವಾರ ಬನ್ನಿ!"

"ಸೋಮವಾರಕ್ಕೆ ನಮ್ಮ ಜಾಗ ಹೋಗಿರ್ತದಲ್ಲ ಸ್ವಾಮೀ!"

ಸಾಹೇಬರು ಚೀಲ ಹೆಗಲಿಗೇರಿಸಿ ಹೊರಟರು. ಅಷ್ಟರಲ್ಲಿ ತಿಪ್ಪೇಶಿ ಒಳಗೆ ಬಂದು ತಿರುಗಿ ನೋಡಿದ. ಮತ್ತೆ ಬಾಗಿಲು! ಅರ್ಧ ತೆರೆದು ನಿಂತಿದೆ. ಬಾಗಿಲು ಕಂಡರೆ ಏನು ಮಾಡಬೇಕು? ಒಳಗಿನಿಂದ ತಳ್ಳಿದ. ದಡಾರ್! ಬಾಗಿಲು ಮುಚ್ಚಿಕೊಂಡಿತು. ಬಿಡಲಿಲ್ಲ, ತಳ್ಳುತ್ತಲೇ ನಿಂತ.

"ಬಿಡೋ!"

"ಯಾರು ಏನಂದ್ರೂ ಬಿಡಬೇಡ ಅಂದಾಳೆ ಅವ್ವ."

"ಎಳೀಬೇಕು ಕಣಯ್ಯಾ! ಒಳಗಿಂದ ಎಳೀಬೇಕು!"

"ಅದನ್ನ ಅವ್ವ ಹೇಳಿಲ್ಲ."

ಸಾಹೇಬರು ಹಿಡಿ ಹಿಡಿದು ಜಗ್ಗಿದರು. ಎತ್ತಿನಂಥ ಆಳಿನ ಮುಂದೆ ಅದೆಲ್ಲಿ ನಡೆಯುತ್ತದೆ? ಬೆವರು ಒರೆಸಿಕೊಂಡು ಕರಿಬಸವ್ವನ ಕಡೆ ತಿರುಗಿದರು. "ಅಮ್ಮಾ, ನಿನ್ನ ಮಗನಿಗೆ ಎಳಿ ಅಂತ ಒಂದು ಮಾತು ಹೇಳಮ್ಮಾ!"

ಕರಿಬಸವ್ವ ಮಗನನ್ನು ನೋಡಿದಳು. ಸಾಹೇಬರನ್ನು ನೋಡಿದಳು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ಹೇಳ್ತೀನಿ ಸ್ವಾಮೀ. ನನ್ನ ಮಗ ನನ್ನ ಮಾತು ಮೀರಲ್ಲ. ಮೊದ್ಲು ನಮ್ಮದು ಬರ್ಕೊಳ್ಳಿ."

ಬರೆದುಕೊಂಡರು! ಕರಿಬಸವ್ವನ ಫೋನಿಗೆ ಸಾಹೇಬರೇ ಪಾಸ್‌ವರ್ಡ್ ಹಾಕಿದರು. ಹಸಿರು ಬಟನ್ ಒತ್ತಿದರು, ಅರ್ಜಿ ಹೋಯಿತು. ಫೋನಿಲ್ಲದವರ ಅರ್ಜಿಗಳನ್ನು ಕಾಗದದ ಮೇಲೆ ಸ್ವಂತ ಕೈಯಿಂದ ಬರೆದು ಸೀಲು ಒತ್ತಿದರು. ವಾರದಿಂದ ಆಗುವುದೇ ಇಲ್ಲ ಅಂದ ಕೆಲಸ ಸಂಜೆಯೊಳಗೆ ಆಯಿತು. ಅಲ್ಲಿಯವರೆಗೆ ತಿಪ್ಪೇಶಿ ತಳ್ಳುತ್ತಲೇ ಇದ್ದ.

"ಸಾಕು ನನ್ನಪ್ಪಾ," ಕರಿಬಸವ್ವ ಅವನ ಬೆನ್ನು ಸವರಿದಳು. "ಈಗ ಬಾಗಿಲು ಎಳಿ, ಮನೆಗೆ ಹೋಗಾನ."

"ಆಗಲಿ ಅವ್ವಾ!"

ಎಳೆದ. ಗೆದ್ದಲು ತಿಂದ ಚೌಕಟ್ಟು ಲಟಲಟ ಅಂತು, ಬಾಗಿಲು ಕಿತ್ತು ಕೈಗೆ ಬಂತು. ಅವ್ವ ಹೇಳಿದ್ದು ಎಳಿ, ಮನೆಗೆ ಹೋಗಾನ ಅಂತ. ಚೀಟಿ ಸಮೇತ ಎಳೆದುಕೊಂಡೇ ಹೊರಟ! ದರದರ ದರದರ, ಪೇಟೆ ಬೀದಿಯ ಉದ್ದಕ್ಕೂ, ಮನೆ ಅಂಗಳದ ತನಕ. ಆಮೇಲೆ ಪುರಸಭೆಯವರಿಗೆ ಮುಚ್ಚಿಕೊಳ್ಳಲು ಬಾಗಿಲೇ ಇರಲಿಲ್ಲ.

ನಿಮ್ಮೂರಿನಲ್ಲೂ ಹೀಗೇ ಚೀಟಿ ಅಂಟಿಸಿದ್ದಾರಾ? ಪುಕ್ಕಟೆ ವೈಫೈ ಹುಡುಕಿಕೊಂಡು ಹೋಟೆಲಿಂದ ಹೋಟೆಲಿಗೆ ಅಲೆಯಬೇಡಿ. ನಾಳೆ ಬೆಳಿಗ್ಗೆ ಅಕ್ಕಪಕ್ಕದವರನ್ನೆಲ್ಲ ಕರೆದುಕೊಂಡು ಆ ಕಚೇರಿಗೆ ಹೋಗಿ. ಮೆಲ್ಲಗೆ ತಟ್ಟುತ್ತಾ ನಿಲ್ಲಬೇಡಿ. ತಳ್ಳಿ.