ಪೊರಕೆಯ ಸರದಿ

ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮು ತಯಾರಿಸುವ ಶೆಡ್ಡಿನಲ್ಲಿ ಒಂದು ಪೊರಕೆಯಿತ್ತು. ಕ್ರೀಮು ಕಲಸುತ್ತ ನೀಲವ್ವ ಹಾಡುವ ಹಾಡೆಂದರೆ ಅದಕ್ಕೆ ಪ್ರಾಣ. ಒಂದು ದಿನ ಕ್ರೀಮಿಗೆ ಬೆರೆಸುವ ಸತುವಿನ ಆಕ್ಸೈಡ್ ಪುಡಿ ನೆಲಕ್ಕೆ ಚೆಲ್ಲಿತು. ಮೈದಾಹಿಟ್ಟೂ ಅದರ ಮುಂದೆ ಜಲ್ಲಿಕಲ್ಲು, ಅಷ್ಟು ನಯ.

ಗೋಡೆಗೊರಗಿದ್ದ ಪೊರಕೆ ಬಕೆಟ್ಟಿನ ಒದ್ದೆ ಬಟ್ಟೆಗೆ ಹೇಳಿತು, "ನೀನು ಸುಮ್ಮನಿರು. ಗುಡಿಸಿ ಸಾರಿಸು ಅಂತಲೇ ಲೋಕದ ಮಾತು. ಸಾರಿಸಿ ಗುಡಿಸು ಅಂದವರುಂಟೇ? ಮೊದಲು ನಾನು, ಆಮೇಲೆ ನೀನು."

ಪುಡಿ ಹಿಗ್ಗಿತು. "ಬಾ ಪೊರಕೆಯಣ್ಣ, ಬೀಸು! ಕ್ರೀಮಿನಲ್ಲಿ ಕಲಸಿದರೆ ನಾನು ಅಲ್ಲೇ ತೆಪ್ಪಗೆ ಬಿದ್ದಿರಬೇಕು. ನೀನು ಎಬ್ಬಿಸಿದರೆ ಮಾಸ್ಕಿನ ಸಂದಿಯಲ್ಲೂ ನುಸುಳಿ ನೀಲವ್ವನ ಉಸಿರು ಹತ್ತಿ ಒಳಗೇ ಹೋಗುತ್ತೇನೆ."

"ಹೋದರೇನಂತೆ? ಆಮೇಲೆ ಬಟ್ಟೆ ಸಾರಿಸುತ್ತದೆ," ಎಂದಿತು ಪೊರಕೆ.

"ನೆಲವನ್ನಾದರೆ ಸಾರಿಸುತ್ತೇನೆ," ಎಂದಿತು ಬಟ್ಟೆ. "ನೀಲವ್ವನ ಎದೆಯೊಳಗನ್ನು ಹೇಗೆ ಸಾರಿಸಲಿ?"

ಪೊರಕೆಗೆ ನೀಲವ್ವನ ಹಾಡು ನೆನಪಾಯಿತು. ಅಷ್ಟರಲ್ಲಿ ನೀಲವ್ವ ಮಾಸ್ಕು ಬಿಗಿದುಕೊಂಡು ಬಂದು, ರೂಢಿಯಂತೆ ಪೊರಕೆಗೇ ಕೈ ಚಾಚಿದಳು. ಪೊರಕೆ ಗೋಡೆಗುಂಟ ಜಾರಿ ಕಪಾಟಿನ ಹಿಂದೆ ಬಿದ್ದುಬಿಟ್ಟಿತು.

"ಹಾಳಾದ್ದು, ಬೇಕಾದಾಗಲೇ ಕೈಗೆ ಸಿಗಲ್ಲ!" ಎಂದು ಬೈಯುತ್ತ ಅವಳು ಒದ್ದೆ ಬಟ್ಟೆ ಎತ್ತಿಕೊಂಡಳು. ಪುಡಿ ಬಟ್ಟೆಗೆ ಅಂಟಿತು, ಆ ಬಟ್ಟೆ ಮುಚ್ಚಳವಿರುವ ಕಸದ ಡಬ್ಬಿ ಸೇರಿತು.

ಸ್ವಲ್ಪ ಹೊತ್ತಿಗೆ ಹಾಡು ಶುರುವಾಯಿತು, ಎಲ್ಲೂ ಉಸಿರು ತಡೆಯದೆ. ಕಪಾಟಿನ ಹಿಂದಿನ ಜೇಡರ ಬಲೆಯಲ್ಲಿ ಬಿದ್ದುಕೊಂಡೇ ಪೊರಕೆ ಅದನ್ನು ಕೇಳಿತು. ಹುಟ್ಟಿದಾಗಿನಿಂದ ತಾನು ಇಷ್ಟು ಚೊಕ್ಕವಾಗಿ ಗುಡಿಸಿದ್ದು ಇದೇ ಮೊದಲು ಎಂದುಕೊಂಡಿತು.